ಭಾನುವಾರ ಖುದ್ದಾಗಿ ಬಂದು ನೋಡಿ

"ತಳ್ಳಬೇಡಿ! ನಾನು ಹೇಳೋವರೆಗೂ ತಳ್ಳಬೇಡಿ ಅಂದೆನಲ್ಲ!"

ಕೂಗು ಬಂದದ್ದು ಕಾರಿನ ಕೆಳಗಿನಿಂದ. ಫಿಟ್ಟರನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಬಾನೆಟ್ಟಿಗೆ ಅಂಗೈ ಒತ್ತಿ ನಿಂತಿದ್ದ ನಾಲ್ವರು ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ಒರೆಸಿಕೊಳ್ಳುವಂಥದ್ದೇನೂ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಆ ಬಾನೆಟ್ಟಿನ ಮೇಲೆ ಧೂಳು ಕೂರಲು ಬಿಟ್ಟದ್ದೇ ಇಲ್ಲ.

ಅವರ ಬೆನ್ನಿಗೇ ಮಹಡಿಯ ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ಶವವಾಹನದ ಇಬ್ಬರು ಆಳುಗಳು ಮಡಚಿದ ಸ್ಟ್ರೆಚರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತೀರಿಕೊಂಡ ಯಜಮಾನರು ಮೇಲಿನ ಮನೆಯಲ್ಲಿದ್ದರು. ಅವರನ್ನು ಇಳಿಸಲು ದಾರಿ ಇದೊಂದೇ: ಮೆಟ್ಟಿಲು, ಆಮೇಲೆ ಈ ಮುಂದಿನ ಕೋಣೆ, ಆಮೇಲೆ ಬೀದಿ. ಕೋಣೆಯ ತುಂಬ ಕಾರು. ಕಾರಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ನುಸುಳುವಷ್ಟು ಜಾಗ. ನಡೆಯುವವರು ನುಸುಳಬಹುದು, ಮಲಗಿದವರನ್ನು ನುಸುಳಿಸುವುದು ಹೇಗೆ?

"ಕೀಲಿ ಸಿಕ್ತಾ?" ಎಂದು ಅಳಿಯ ಮೇಲಕ್ಕೆ ನೋಡಿ ಕೇಳಿದ.

"ಇಲ್ಲಾರೀ," ಎಂದಳು ಮಗಳು, ಮಹಡಿಯ ಕಟಕಟೆಯಿಂದ ಬಗ್ಗಿ. "ಅಲಮಾರಿ ನೋಡಿದೆ, ಕೋಟು ನೋಡಿದೆ, ಸಕ್ಕರೆ ಡಬ್ಬೀಲೂ ನೋಡಿದೆ."

"ಸಕ್ಕರೆ ಡಬ್ಬೀಲಿ ಯಾರಾದ್ರೂ ಕೀಲಿ ಇಡ್ತಾರಾ?"

"ಅಪ್ಪ ಇಡೋರು. ಜಾಗ ಬದಲಾಯಿಸ್ತಾನೇ ಇರೋರು. ಕೊನೇ ಜಾಗ ಯಾವುದೂಂತ ಹೇಳ್ದೆ ಹೋದ್ರು."

ಕೀಲಿ ಇಲ್ಲದೆ ಗೇರು ಬಿಡಿಸಲಾಗುವುದಿಲ್ಲ, ಗೇರು ಬಿಡಿಸದೆ ಕಾರು ಅಲುಗುವುದಿಲ್ಲ. ಅದಕ್ಕೇ ಫಿಟ್ಟರನನ್ನು ಕರೆಸಿದ್ದು. ಕೆಳಗಿನಿಂದ ಗೇರಿನ ಸರಳು ಕಳಚಿದರೆ ಚಕ್ರ ಉರುಳುತ್ತದೆ, ನೇರಕ್ಕೆ ಹಿಂದಕ್ಕೆ ತಳ್ಳಿದರೆ ಬೀದಿಗೆ ಬರುತ್ತದೆ ಎಂದು ಅವನು ಹೇಳಿದ್ದ. ಹೇಳಿ ಒಂದು ಗಂಟೆಯ ಮೇಲಾಗಿತ್ತು. ಶವವಾಹನದ ಆಳುಗಳಲ್ಲಿ ಒಬ್ಬ ಆಕಳಿಸಿ, ತಪ್ಪು ಮಾಡಿದವನಂತೆ ಬಾಯಿಗೆ ಕೈ ಅಡ್ಡ ಹಿಡಿದ.

ಯಜಮಾನರ ಅಕ್ಕ, ಎಂಬತ್ತು ದಾಟಿದವರು, ಮೆಟ್ಟಿಲ ತಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಹೋಗೋ ದಿನಾನೂ ದಾರಿ ಬಿಡಲ್ವಲ್ಲೇ ಇದು," ಎಂದರು, ಪಕ್ಕದಲ್ಲಿ ನಿಂತಿದ್ದ ತಮ್ಮನ ಹೆಂಡತಿಗೆ.

ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದು ಕರೆಯುತ್ತಿದ್ದರು. ಆಕೆಯ ಹೊಲಿಗೆ ಯಂತ್ರ ಅಲ್ಲೇ, ಮೆಟ್ಟಿಲ ತಲೆಯ ಇಕ್ಕಟ್ಟಿನಲ್ಲಿ, ಮುಸುಕು ಹಾಕಿಕೊಂಡು ನಿಂತಿತ್ತು. ಹೊಲಿಸುವವರು ಮೆಟ್ಟಿಲು ಹತ್ತಿ ಬಂದು, ಕೊನೆಯ ಮೆಟ್ಟಿಲ ಮೇಲೆ ನಿಂತೇ ಅಳತೆ ಕೊಡಬೇಕಿತ್ತು. ಮಂಡಿನೋವಿನವರು ಒಬ್ಬೊಬ್ಬರಾಗಿ ಬೇರೆ ಟೈಲರನ್ನು ಹುಡುಕಿಕೊಂಡಿದ್ದರು. ಬೀದಿಗೆ ಬಾಗಿಲಿರುವ ಆ ಮುಂದಿನ ಕೋಣೆ ತನಗೆ ಬೇಕೆಂದು ಆಕೆ ಕೇಳಿದ್ದು ಕಾರು ಬರುವುದಕ್ಕೂ ಮುಂಚೆ. ಕೊಡುತ್ತೇನೆಂದು ಗಂಡ ಹೇಳಿದ್ದೂ ಆಗಲೇ.

ಮಗಳು ಕೈಯಲ್ಲಿ ಆ ದಿನದ ಪತ್ರಿಕೆ ಹಿಡಿದು ಒಳಗಿನಿಂದ ಬಂದಳು. "ಅಮ್ಮಾ, ನೋಡು. ಇವತ್ತೂ ಬಂದಿದೆ."

ಮರಣದ ಸುದ್ದಿಯಲ್ಲ. ಅದನ್ನು ಕೊಡಲು ಅಳಿಯ ಹೋಗುವಷ್ಟರಲ್ಲಿ ಕೌಂಟರು ಮುಚ್ಚಿತ್ತು. ಹಿಂದಿನ ದಿನ ಶನಿವಾರ, ಅರ್ಧ ದಿನ. ಬಂದಿದ್ದದ್ದು ಮಾರಾಟದ ಜಾಹೀರಾತು. ಪತ್ರಿಕೆಯ ನಿವೃತ್ತ ನೌಕರರಿಗೆ ಭಾನುವಾರದ ಒಂದು ಜಾಹೀರಾತು ಉಚಿತ, ನಿಲ್ಲಿಸಿ ಎಂದು ಸಹಿ ಹಾಕಿ ಕೊಡುವವರೆಗೆ ಅದು ತಾನಾಗಿಯೇ ಅಚ್ಚಾಗುತ್ತದೆ. ಸಹಿ ಹಾಕಬೇಕಾದವರು ಒಳಗೆ ಮಲಗಿದ್ದರು. ಅವರು ಇಡೀ ಜೀವಮಾನ ದುಡಿದ ಪತ್ರಿಕೆಯಲ್ಲಿ ಆ ಬೆಳಿಗ್ಗೆ ಅವರ ಸಾವಿರಲಿಲ್ಲ, ಅವರ ಕಾರು ಇತ್ತು.

*ಮಾರಾಟಕ್ಕಿದೆ. ಅಮೆರಿಕದ ಎರಡು ಬಾಗಿಲ ಐಷಾರಾಮಿ ಕಾರು. ಎಂಜಿನ್ ಸುಸ್ಥಿತಿ. ಬಣ್ಣ ಮೂಲದ್ದು, ಬಲ ಹಿಂಬದಿಯಲ್ಲಿ ಬೆರಳುದ್ದ ಗೀರು. ಗಡಿಯಾರ ನಡೆಯುವುದಿಲ್ಲ. ಎಡ ದೀಪದ ಮುಚ್ಚಳ ತಡವಾಗಿ ತೆರೆಯುತ್ತದೆ. ಪೆಟ್ರೋಲು ಬಹಳ ಕುಡಿಯುತ್ತದೆ. ಭಾನುವಾರ ಖುದ್ದಾಗಿ ಬಂದು ನೋಡಿ.*

ವಿಳಾಸವಿತ್ತು. ಫೋನ್ ನಂಬರ್ ಇರಲಿಲ್ಲ.

⁂

ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಕೌಂಟರಿನಲ್ಲಿ ಯಜಮಾನರನ್ನು 'ಕತ್ತರಿ' ಎನ್ನುತ್ತಿದ್ದರು. ಪದಕ್ಕಿಷ್ಟು ಎಂದು ದರವಿದ್ದುದರಿಂದ ಜನ ಬರೆದು ತಂದದ್ದನ್ನು ಓದಿ, ಬೇಡದ ಪದಗಳನ್ನು ಹೊಡೆದುಹಾಕುವುದು ಅವರ ಅಭ್ಯಾಸ. ಕಚೇರಿ ಅದನ್ನು ಕೇಳಿರಲಿಲ್ಲ. ಪದ ಕಡಿಮೆಯಾದರೆ ಕಚೇರಿಗೇ ನಷ್ಟ.

"'ಸುಂದರವಾದ' ಬೇಡ. ಮನೆ ಸುಂದರವೋ ಅಲ್ಲವೋ ಬಂದವರು ನೋಡ್ಕೋತಾರೆ. ನಲ್ಲೀಲಿ ನೀರು ಬರುತ್ತಾ? ಅದನ್ನ ಬರೀರಿ."

ಹೊಡೆದುಹಾಕಿದ ಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: "ಯಾಕೆ ಮಾರ್ತಿದೀರಿ?" ಜಾಹೀರಾತಿಗೆ ಆ ಉತ್ತರದ ಅಗತ್ಯವಿರಲಿಲ್ಲ. ಆದರೂ ಜನ ಹೇಳುತ್ತಿದ್ದರು. ತೊಟ್ಟಿಲು ಮಾರುವವರು, ಗಾಲಿಕುರ್ಚಿ ಮಾರುವವರು, ಜೋಡಿ ಮಂಚದಲ್ಲಿ ಒಂದನ್ನು ಮಾತ್ರ ಮಾರುವವರು. ಹಿಂದೆ ಸಾಲು ಬೆಳೆಯುತ್ತಿತ್ತು. ಗೊಣಗಿಕೊಂಡು ನಿಂತವರು ತಮ್ಮ ಸರದಿ ಬಂದಾಗ ಇನ್ನಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು.

ನಿವೃತ್ತಿಗೆ ಸ್ವಲ್ಪ ಮುಂಚೆ ಒಬ್ಬ ಹೆಂಗಸು ಬಂದು, ಗಂಡ ಬಿಟ್ಟುಹೋದ ಕಾರಿನ ಜಾಹೀರಾತು ಕೊಟ್ಟಳು. 'ಹೊಸದರಂತಿದೆ' ಎಂದು ಬರೆದಿದ್ದಳು.

"ನೋಡದೆ ಇದನ್ನ ನಾನು ಹೇಗಮ್ಮ ಹಾಕ್ಲಿ?" ಎಂದರು ಅವರು.

"ಹಾಗಾದ್ರೆ ಬಂದು ನೋಡಿ," ಎಂದಳು ಅವಳು, ರೇಗಿ.

ಅವರು ಕೆಲಸ ಮುಗಿಸಿ ಹೋಗಿ ನೋಡಿದರು. ಗಾಢ ಹಸಿರು ಮೈ, ಕೆನೆಬಣ್ಣದ ಚರ್ಮದ ಸೀಟು, ಅರ್ಧ ಕಾರಿನಷ್ಟು ಉದ್ದದ ಬಾನೆಟ್ಟು, ಮುಚ್ಚಳದ ಹಿಂದೆ ಅಡಗಿದ ದೀಪಗಳು. ಮಾರನೆಯ ದಿನ ಆ ಪದವನ್ನು ಉಳಿಸಿದರು. ಆದರೆ ಕೊಳ್ಳಲು ಯಾರೂ ಬರಲಿಲ್ಲ. ಆ ಹೆಂಗಸು ಬಾಡಿಗೆ ಮನೆ ಖಾಲಿ ಮಾಡುವ ದಿನ ಹತ್ತಿರವಾಯಿತು. ಕತ್ತರಿ ತಮ್ಮ ನಿವೃತ್ತಿಯ ದುಡ್ಡಿನಲ್ಲಿ ಕಾರು ಕೊಂಡುಬಿಟ್ಟರು. ಅದು ಲಾರಿಯ ಮೇಲೆ ಮನೆಗೆ ಬಂತು, ಯಾಕೆಂದರೆ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕೊನೆಯವರೆಗೂ ಬರಲಿಲ್ಲ.

"ನನ್ನ ಕೋಣೆ?" ಎಂದು ಕೇಳಿದ್ದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಮಾರೋಕೇ ತಂದಿರೋದು ಕಣೇ. ಒಳ್ಳೆ ಗಿರಾಕಿ ಬಂದ ತಕ್ಷಣ ಹೋಗುತ್ತೆ."

⁂

"ಸಾರ್, ಇನ್ನು ತಳ್ಳಿ, ಮೆಲ್ಲಗೆ," ಎಂದ ಫಿಟ್ಟರ್, ಕೆಳಗಿನಿಂದ ಹೊರಬಂದು.

ನಾಲ್ವರು ಮತ್ತೆ ಬಾನೆಟ್ಟಿಗೆ ಕೈ ಒತ್ತಿದರು. ಅಷ್ಟರಲ್ಲಿ ಬೀದಿಯಿಂದ ಇನ್ನೊಂದು ಕೂಗು ಬಂತು.

"ನಿಲ್ಸಿ, ನಿಲ್ಸಿ! ಹಾಗೆ ತಳ್ಳಬೇಡಿ, ಮುರಿದೀತು!"

ಬಿಳಿ ಅಂಗಿಯ ದಪ್ಪನೆಯ ಮನುಷ್ಯ. ಹೆದ್ದಾರಿಯ ಕಡೆ ಡ್ರೈವಿಂಗ್ ಸ್ಕೂಲು ನಡೆಸುವವರು. ಅವರ ಹಿಂದೆ ಬೀದಿಯಲ್ಲಿ ಆಗಲೇ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಕೆಲವರ ಕಂಕುಳಲ್ಲಿ ಪತ್ರಿಕೆ. ಭಾನುವಾರವೆಂದು ಬಂದವರು, ಶವವಾಹನ ನೋಡಿ ಅಲ್ಲೇ ನಿಂತುಬಿಟ್ಟಿದ್ದರು.

"ಏನು ಮುರಿಯೋದು?" ಎಂದ ಫಿಟ್ಟರ್.

"ಚಾಸಿ ಕಣಪ್ಪ. ಬಿರುಕು ಬಿಟ್ಟಿದೆಯಲ್ಲ. ಇಳಿಜಾರಲ್ಲಿ ಜೋಲಿ ಹೊಡೆದ್ರೆ ಎರಡು ತುಂಡು."

ನಾಲ್ವರೂ ಮತ್ತೊಮ್ಮೆ ಕೈ ತೆಗೆದರು. ಅಳಿಯ ಹಣೆ ಒತ್ತಿಕೊಂಡ. "ಇನ್ನೆಷ್ಟು ಹೊತ್ತು ಸ್ವಾಮಿ ಇದು! ಮೇಲೆ ಹೆಣ ಇಟ್ಕೊಂಡು ಕಾರು ರಿಪೇರಿ ಮಾಡಿಸ್ತಾ ಇದೀವಿ!"

"ಯಾವ ಬಿರುಕು?" ಎಂದ ಫಿಟ್ಟರ್, ಅವಮಾನವಾದವನಂತೆ. "ಇಷ್ಟೊತ್ತು ಅದರ ಹೊಟ್ಟೆ ಕೆಳಗೇ ಮಲಗಿದ್ದೆ. ನನಗೆ ಕಾಣದ ಬಿರುಕು ನಿಮಗೆ ಬೀದೀಲಿ ನಿಂತು ಕಾಣ್ತಾ?" ಆದರೂ ಬ್ಯಾಟರಿ ಹಿಡಿದು ಮತ್ತೆ ಕೆಳಗೆ ತೂರಿದ. ಬೆಳಕು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಯಿತು. ಹಿಂದಿರುಗಿತು. "ಏನೂ ಇಲ್ಲ! ಬಿರುಕಿರಲಿ, ತುಕ್ಕಿನ ಒಂದು ಚುಕ್ಕೆ ಇಲ್ಲ. ಯಾರು ಹೇಳಿದ್ದು ನಿಮಗೆ?"

"ಅವರೇ," ಎಂದರು ಡ್ರೈವಿಂಗ್ ಸ್ಕೂಲಿನವರು, ಮಹಡಿಯ ಕಡೆ ಕೈ ತೋರಿಸಿ.

ಟೈಲರಮ್ಮ ಮೆಟ್ಟಿಲಿಳಿದು ಬಂದಳು. ಶವವಾಹನದ ಆಳುಗಳು ಎದ್ದು ದಾರಿ ಬಿಟ್ಟರು.

"ಯಾವಾಗ ಹೇಳಿದ್ರು?"

"ಮೂರು ವರ್ಷದ ಮಾತಮ್ಮ. ನಾನು ತಗೊಳ್ಳೋದು ಅಂತಲೇ ಬಂದಿದ್ದೆ. ಗೀರು ತೋರಿಸಿದ್ರು, ಇರಲಿ ಅಂದೆ. ಗಡಿಯಾರ ನಡೆಯಲ್ಲ ಅಂದ್ರು, ಕೈಯಲ್ಲಿದೆಯಲ್ಲ ಅಂದೆ. ಪೆಟ್ರೋಲು ಕುಡಿಯುತ್ತೆ ಅಂದ್ರು, ಕುಡೀಲಿ ಅಂದೆ. ಎಲ್ಲಕ್ಕೂ ಒಪ್ಪಿದೆ. ನಾಳೆ ಕ್ರೇನ್ ತರ್ತೀನಿ ಅಂತ ಎದ್ದು ನಿಂತೆ. ಆಗ ನನ್ನ ಕೈ ಹಿಡ್ಕೊಂಡು, 'ಇನ್ನೊಂದಿದೆ, ಹೇಳ್ದೆ ಇರೋಕಾಗಲ್ಲ, ಚಾಸಿ ಬಿರುಕು ಬಿಟ್ಟಿದೆ' ಅಂದ್ರು. ಎಂಥ ಮನುಷ್ಯ ಅಂತ ನನಗೆ ಕಣ್ಣಲ್ಲಿ ನೀರು ಬಂದುಬಿಡ್ತು."

"ಹೂಂ," ಎಂದಳು ಟೈಲರಮ್ಮ.

⁂

ಆ ಭಾನುವಾರ ಆಕೆಗೆ ಚೆನ್ನಾಗಿ ನೆನಪಿತ್ತು. ಕೆಳಗಿನಿಂದ "ಒಪ್ಪಿದೆ" ಎಂಬ ದಪ್ಪ ದನಿ ಮತ್ತೆ ಮತ್ತೆ ಕೇಳಿದಾಗ, ಆಕೆ ಟೀ ಸೋಸುತ್ತಿದ್ದವಳು ಕೈ ನಿಲ್ಲಿಸಿ ಕಿವಿಗೊಟ್ಟಿದ್ದಳು. ವಾರವಾರವೂ ಆಕೆ ಕಟಕಟೆಯ ಸಂದಿಯಿಂದ ತಟ್ಟೆ ಇಳಿಸಿಕೊಡುತ್ತಿದ್ದಳು. ಕೆಳಗಿನವರ ಕೈಗಳು ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ಅಂದು ಒಂದು ಲೋಟಕ್ಕೆ ಸಕ್ಕರೆ ಹೆಚ್ಚಿಗೆ ಹಾಕಿ ಕಳಿಸಿದ್ದಳು.

ಟೀ ಕುಡಿದು ಅವರು ಹೋಗುವ ಹೊತ್ತಿಗೆ ಆಕೆ ಮನಸ್ಸಿನಲ್ಲೇ ಕೋಣೆ ಜೋಡಿಸಿ ಆಗಿತ್ತು. ಯಂತ್ರ ಬಾಗಿಲ ಬಳಿ, ಬೆಳಕಿಗೆ. ಕತ್ತರಿಸುವ ಮೇಜು ಎಡಗೋಡೆಗೆ. ನಿಲುಗನ್ನಡಿ ಒಂದು. ಬಂದವರು ಕೂರಲು ಬೆಂಚು, ಮೆತ್ತೆ ಹಾಕಿದ್ದು.

ಗಂಡ ಮೇಲೆ ಬಂದು ಕೈ ತೊಳೆದುಕೊಂಡರು.

"ಏನಾಯ್ತು?"

"ಬೇಡ ಅಂದ್ರು."

"ಒಪ್ಪಿದೆ ಅಂದಿದ್ದು ಕೇಳಿಸ್ತು ನನಗೆ."

"ಕೊನೇಲಿ ಬೇಡ ಅಂದ್ರು ಕಣೇ. ತಗೊಳ್ಳೋರೇ ಬೇಡ ಅಂದ್ರೆ ನಾನೇನು ಮಾಡ್ಲಿ? ಕುತ್ತಿಗೆ ಹಿಡಿದು ಕೊಡ್ಲಾ?"

"ಇರೋ ಬರೋ ಕೊರತೆ ಎಲ್ಲಾ ಪಟ್ಟಿ ಮಾಡಿ ಒಪ್ಪಿಸಿದ್ರೆ ಯಾರು ತಗೋತಾರೆ? ನನ್ನನ್ನ ನೋಡೋಕೆ ನಿಮ್ಮಪ್ಪ ಬಂದಾಗ ನಮ್ಮಪ್ಪ ಹಾಗೆ ಮಾಡಿದ್ರೆ ನಾನೂ ಅಲ್ಲೇ ಉಳೀತಿದ್ದೆ."

ಅವರು ನಕ್ಕರು. "ಸುಳ್ಳು ಬರೆದು ನನಗೆ ಅಭ್ಯಾಸ ಇಲ್ಲ. ಮುಂದಿನ ವಾರ ಹೋಗುತ್ತೆ ಬಿಡು."

ಮಾರನೆಯ ವಾರ ಮಂಡಿನೋವಿನ ಬೇಕರಿಯಮ್ಮ ಇನ್ನು ಮೆಟ್ಟಿಲು ಹತ್ತಲಾರೆ ಎಂದು ಹೇಳಿಕಳಿಸಿದ್ದಳು. ಮದುವೆಯಾದಾಗಿನಿಂದ ಟೈಲರಮ್ಮನೇ ಆಕೆಗೆ ರವಿಕೆ ಹೊಲಿಯುತ್ತಿದ್ದದ್ದು.

⁂

ಕಾರು ಹಿಂದಕ್ಕೆ ಜರುಗಿ, ಹೊಸ್ತಿಲ ಇಳಿಜಾರು ದಾಟಿ, ಬೀದಿಗೆ ಬಂತು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿ ಬಿಸಿಲು ಬಿದ್ದಾಗ ಆ ಹಸಿರು ಎಷ್ಟು ಗಾಢವಾಗಿತ್ತೆಂದರೆ ಶವವಾಹನದ ಚಾಲಕ ಸೀಟಿನಿಂದ ಇಳಿದು ಬಂದು ನೋಡಿದ. ಜನ ಹತ್ತಿರ ಸರಿದರು. ಯಜಮಾನರನ್ನು ಕೆಳಗಿಳಿಸಿದಾಗ ಕಾರಿನ ಕಡೆ ತಿರುಗಿದ್ದ ಮುಖಗಳೆಲ್ಲ ಗಡಬಡಿಸಿ ಈ ಕಡೆ ತಿರುಗಿದವು.

ಸ್ಮಶಾನದ ಹೊರಗಿನ ಕಲ್ಲುಬೆಂಚುಗಳ ಮೇಲೆ ಕಾಯುತ್ತ ಕೂತಾಗ ಟೈಲರಮ್ಮ ಮೊದಲ ಬಾರಿ ಆ ಗುಂಪನ್ನು ಸರಿಯಾಗಿ ನೋಡಿದಳು. ಮನೆಯವರು, ಅಕ್ಕಪಕ್ಕದವರು, ಕಚೇರಿಯ ಇಬ್ಬರು ಮುದುಕರು. ಉಳಿದವರಲ್ಲಿ, ಡ್ರೈವಿಂಗ್ ಸ್ಕೂಲಿನವರನ್ನು ಬಿಟ್ಟರೆ, ಒಬ್ಬರ ಮುಖವೂ ಗೊತ್ತಿರಲಿಲ್ಲ. ಕೈ ನೋಡಿದರೆ ಒಂದಿಬ್ಬರ ಗುರುತು ಸಿಕ್ಕೀತೇನೋ.

"ನನ್ನ ತಮ್ಮನಿಗೆ ಇಷ್ಟು ಜನ ಗೊತ್ತಿದ್ರೇನೇ?" ಎಂದರು ಅಕ್ಕ. "ಮದುವೆ ಮನೇಲೂ ಮೂಲೇಲಿ ಕೂರೋನು."

"ಕಾರು ನೋಡೋಕೆ ಬಂದೋರು, ಅತ್ತಿಗೆ."

"ಇಷ್ಟು ಜನಾನಾ? ಒಬ್ಬರೂ ತಗೊಳ್ಳಲಿಲ್ವಾ?"

ಪಕ್ಕದ ಬೆಂಚಿನಲ್ಲಿದ್ದ ಔಷಧಿ ಅಂಗಡಿಯವನಿಗೆ ಅದು ಕೇಳಿಸಿತು. ಅವನು ಸಂಕೋಚದಿಂದ ಗಂಟಲು ಸರಿಮಾಡಿಕೊಂಡ. "ತಗೊಳ್ಳೋಕೆ ಅಂತ ನಾನು ಬಂದಿದ್ದು ಒಂದೇ ಸಲ ಅಮ್ಮ. ಆಮೇಲೆಲ್ಲ ಸುಮ್ನೆ. ಮನೇಲಿ ಮಾತು ಬೆಳೆದ್ರೆ ಇಲ್ಲಿ ಬಂದು ಹಿಂದಿನ ಸೀಟಲ್ಲಿ ಕೂತ್ಕೋತಿದ್ದೆ."

"ಸೀಟಲ್ಲಿ ಕೂರಿಸ್ತಿದ್ರಾ?"

"ಚಪ್ಪಲಿ ಬಿಟ್ಟು. ಅವರು ಮುಂದೆ ಕೂತು, ಕನ್ನಡೀಲಿ ನನ್ನ ನೋಡ್ತಾ, 'ಹೂಂ, ಯಾಕೆ?' ಅನ್ನೋರು. ಅಷ್ಟೇ. ನಾನು ಹೇಳ್ತಾ ಹೋಗ್ತಿದ್ದೆ."

"ನಾನು ಕಳಿಸಿದ ಟೀ ಕುಡೀತಾ."

"ಹೌದಮ್ಮ," ಎಂದ ಅವನು, ಇನ್ನೂ ಸಂಕೋಚಗೊಂಡು. "ಏಲಕ್ಕಿ ಹಾಕಿದ್ದು."

ಕಚೇರಿಯ ಮುದುಕರಲ್ಲಿ ಒಬ್ಬರು ಕೈ ಎತ್ತಿ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಕತ್ತರಿ ಒಂದು ಸುಳ್ಳು ಪದ ಬರೆದ ಮನುಷ್ಯ ಅಲ್ಲ. ಒಂದು ಸುಳ್ಳು ಆಡಿದೋನಲ್ಲ."

"ಆಡಿದಾರೆ," ಎಂದಳು ಟೈಲರಮ್ಮ.

ಮುದುಕರು ಕಿವಿ ಹತ್ತಿರ ತಂದರು. "ಏನಂದ್ರಿ?"

"ಏನಿಲ್ಲ."

ಯಾರ ಮೇಲೆ ರೇಗಬೇಕೋ ಅವರು ಒಳಗೆ, ಕಬ್ಬಿಣದ ಬಾಗಿಲ ಆಚೆ ಇದ್ದರು. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಜನ ಬೇಕು ಕಣೇ ಅಂದಿದ್ದರೆ ಎರಡು ಬೆಂಚು ಹಾಕಿಸಬಹುದಿತ್ತು. ಬೆಂಚಿಗೆ ಆ ಕಾರಿನಷ್ಟು ಜಾಗ ಬೇಕಿರಲಿಲ್ಲ.

ಡ್ರೈವಿಂಗ್ ಸ್ಕೂಲಿನವರು ಬಂದು ಎದುರು ನಿಂತರು. ದನಿ ತಗ್ಗಿಸಿದರು. "ಅಮ್ಮ, ಇದು ಸಮಯ ಅಲ್ಲ. ಆದ್ರೂ ಹೇಳಿಬಿಡ್ತೀನಿ. ಬಿರುಕಿಲ್ಲ ಅಂದ ಮೇಲೆ, ನಾನು ಈಗಲೂ ತಗೊಳ್ಳೋಕೆ ತಯಾರು."

"ಇವತ್ತೇ ತಗೊಂಡ್ಹೋಗಿ."

"ಛೆ ಛೆ! ಇವತ್ತಾ? ಜನ ಏನಂದಾರು?"

"ಅದು ಬೀದೀಲೇ ಇದೆ. ಕ್ರೇನ್ ತರ್ತೀನಿ ಅಂದಿದ್ರಲ್ಲ, ತನ್ನಿ."

"ಅಮ್ಮ, ಸಮಾಧಾನ ಮಾಡ್ಕೊಳ್ಳಿ. ನಾವೆಲ್ಲಾ ಸೇರಿ ಅದನ್ನ ಜೋಪಾನವಾಗಿ ಒಳಗೆ ಬಿಟ್ಟು ಹೋಗ್ತೀವಿ. ಮುಂದಿನ ಭಾನುವಾರ ಬರ್ತೀನಿ."

"ನಾನೂ ಬರ್ತೀನಿ," ಎಂದ ಔಷಧಿ ಅಂಗಡಿಯವನು. "ನಿಮ್ಮನ್ನ ನೋಡಿಕೊಂಡು ಹೋಗೋಕೆ." ಅವನ ಹಿಂದೆ ಇನ್ನೂ ಹಲವರು ತಲೆಯಾಡಿಸಿದರು. ಮುಂದಿನ ಭಾನುವಾರ. ಹೌದು, ಹೌದು, ಮುಂದಿನ ಭಾನುವಾರ.

ಮಗಳು ತಾಯಿಯ ಭುಜ ಹಿಡಿದುಕೊಂಡಳು, ಅಳು ಬಂದಿರಬೇಕೆಂದು. ತಾಯಿ ಹಲ್ಲು ಕಚ್ಚಿ ಕೂತಿದ್ದಳು.

⁂

ಮಧ್ಯಾಹ್ನ ಇಳಿದ ಮೇಲೆ ಎಲ್ಲರೂ ಹಿಂದಿರುಗಿದರು. ಬೀದಿಯಲ್ಲಿ ಕಾರಿನ ಹಿಂದೆ ಕಸದ ಲಾರಿ ಸಿಕ್ಕಿಹಾಕಿಕೊಂಡು ಹಾರನ್ ಬಾರಿಸುತ್ತಿತ್ತು. ಅದರ ಹಿಂದೆ ಎರಡು ಆಟೋ.

"ಬನ್ನಿ, ಬನ್ನಿ, ಕೈ ಹಾಕಿ," ಎಂದರು ಡ್ರೈವಿಂಗ್ ಸ್ಕೂಲಿನವರು. ಜನ ಡಿಕ್ಕಿಯ ಸುತ್ತ ಸೇರಿದರು. ಈ ಸಲ ನಾಲ್ವರಲ್ಲ, ಹತ್ತು ಹನ್ನೆರಡು ಮಂದಿ. ಇಳಿಯುವಾಗ ಹಗುರವಾಗಿ ಇಳಿದದ್ದು ಏರುವಾಗ ಭಾರವಾಯಿತು. ಮುಂದಿನ ಚಕ್ರಗಳು ಹೊಸ್ತಿಲ ಇಳಿಜಾರು ಹತ್ತಿ, ಉದ್ದನೆಯ ಮೂತಿ ಕೋಣೆಯೊಳಗೆ ತೂರಿತು.

"ನಿಲ್ಸಿ!" ಎಂದ ಫಿಟ್ಟರ್ ಬಾಗಿಲ ಬಳಿಯಿಂದ. "ಒಳಗೆ ಜನ ಇದಾರೆ."

ಬೇಕರಿಯಮ್ಮ ಬಂದಿದ್ದಳು. ಸಾವಿನ ಮನೆಗೆ ಬಂದವಳು ಮೆಟ್ಟಿಲು ನೋಡಿ ಹೆದರಿ, ಕೋಲು ಊರಿಕೊಂಡು ಖಾಲಿ ಕೋಣೆಯ ನಡುವೆ ನಿಂತಿದ್ದಳು. "ಇಷ್ಟು ದೊಡ್ಡದಾ ಈ ಕೋಣೆ?" ಎಂದು ಸುತ್ತ ನೋಡುತ್ತಿದ್ದಳು. ಟೈಲರಮ್ಮ ಎದುರಿಗೆ ಬಂದು, ಆಕೆಯ ಕೈ ಹಿಡಿದುಕೊಂಡಳು. ಬೇಕರಿಯಮ್ಮ ಸಮಾಧಾನದ ಮಾತು ಹುಡುಕುತ್ತಿದ್ದಳು. ಟೈಲರಮ್ಮನ ಕಣ್ಣು ಆಕೆಯ ತೋಳಿನ ಮೇಲೆ ನಿಂತಿತು.

"ಯಾರು ಹೊಲಿದಿದ್ದು ಇದನ್ನ?"

"ಅಯ್ಯೋ, ಈಗ ಯಾಕೆ ಬಿಡು. ಮಾರ್ಕೆಟ್ ಹತ್ರ ಒಬ್ಬ ಇದಾನೆ."

"ಭುಜ ಎಲ್ಲಿದೆ, ತೋಳು ಎಲ್ಲಿ ಶುರುವಾಗಿದೆ! ಗೋಣಿಚೀಲಕ್ಕೂ ಇದಕ್ಕಿಂತ ಅಳತೆ ಇರುತ್ತೆ. ಈ ಕಡೆ ತಿರುಗಿ. ಬೆಳಕಿಗೆ."

"ಇವತ್ತು ಬೇಡ ಕಣಮ್ಮ. ಇನ್ನೊಂದು ದಿನ..."

"ತಿರುಗಿ."

ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ತೆಗೆದು ತುಟಿಗಳ ನಡುವೆ ಇಟ್ಟುಕೊಂಡಳು. ಬೇಕರಿಯಮ್ಮ ಎರಡೂ ಕೈಗಳನ್ನು ಕೋಲಿನ ಮೇಲೆ ಊರಿ, ಬೀದಿಗೆ ಮುಖ ಮಾಡಿ ನಿಂತಳು. ಕಾರಿನ ಮೂತಿ ಆಕೆಯ ಮಂಡಿಗೆ ಒಂದು ಮಾರು ದೂರದಲ್ಲಿತ್ತು. ಟೈಲರಮ್ಮ ಬಲದೋಳನ್ನು ಭುಜದ ಬಳಿ ಮಡಿಸಿ ಹಿಡಿದು, ಮೊದಲ ಪಿನ್ನು ಚುಚ್ಚಿದಳು.

"ಅಮ್ಮಾ!" ಹೊರಗಿನಿಂದ ಡ್ರೈವಿಂಗ್ ಸ್ಕೂಲಿನವರ ದನಿ. ಉಬ್ಬಸ ಬಂದಿತ್ತು. "ಒಳಗೆ ಬಿಡೋದಾ, ಏನು ಮಾಡೋದು? ಹಿಡಿದುಕೊಂಡು ನಿಂತಿದೀವಿ!"

ಕಸದ ಲಾರಿ ಮತ್ತೆ ಹಾರನ್ ಬಾರಿಸಿತು. ಟೈಲರಮ್ಮ ತಲೆ ಎತ್ತಿದಳು. ಉದ್ದನೆಯ ಹಸಿರು ಬೆನ್ನಿನ ಆಚೆ ಸಾಲಾಗಿ ತಲೆಗಳು, ಕೆಂಪಾದ ಮುಖಗಳು, ಒತ್ತಿ ಹಿಡಿದ ತೋಳುಗಳು. ಕೈ ಬಿಟ್ಟರೆ ಕಾರು ಅವರ ಮೇಲೇ ಇಳಿಯುತ್ತಿತ್ತು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು.

ಬಾಯಲ್ಲಿ ಪಿನ್ನುಗಳಿದ್ದವು. ಆಕೆ ಎಡದೋಳಿನ ಕಡೆಗೆ ಬಂದಳು.